ಕಡಲ ಸೀಮೆಯಿಂದ ಫರ್ಸಿ ಸೀಮೆಗೆ

ಮೂಡುಬಿದಿರೆ,
ಗುರುವಾರ ರಾತ್ರಿ

ಅಪ್ಪಾಜಿ,

ಕಡಲಿನ ಸೀಮೆಗೆ ಹೊರಟಿದ್ದೀ, ಅಲ್ಲಿಯ ಸುಣ್ಣದ ಕಲ್ಲು ಹೆಂಗದ ನೋಡಿ ಬಾ ಅಂದಿದ್ದಿರಲ್ಲ, ಮೂರು ದಿನ ಹುಡುಕಿದೆ. ಬಂಟ್ವಾಳದ ಹಳೇ ಮನೆಗಳ ಗೋಡೆ ಕೆಂಪು ಮುರಕಲ್ಲಿನವು. ಬೆಳ್ತಂಗಡಿಯ ಗಡಾಯಿಕಲ್ಲು, 1794ರಲ್ಲಿ ಟಿಪ್ಪು ಕೋಟೆ ಕಟ್ಟಿಸಿದ್ದು, ಬೋಳು ಹೆಬ್ಬಂಡೆ. ಇಲ್ಲಿಯ ಸಾವಿರ ಕಂಬದ ಬಸದಿ, 1430ರದು, ಅದೂ ಗ್ರಾನೈಟ್ ಕಲ್ಲೇ, ಸುಣ್ಣದ ಕಲ್ಲಲ್ಲ.

ನಿನ್ನೆ ಉಳಿದ ಮನೆಯ ತೆಂಗಿನ ಬುಡದಲ್ಲಿ ಬಿಳೀ ಚಿಪ್ಪು ಸಿಕ್ಕವು. ಕಡಲು ಒಂದು ಕಾಲಕ್ಕೆ ಇಲ್ಲಿತನಕ ಬಂದಿತ್ತು ಎಂದು ಕುಣಿದೆ. ಮನೆಯಾಕೆ ನಕ್ಕರು: "ಕಡಲಲ್ಲ ಮಾರಾಯ್ತಿ, ಮೊನ್ನೆಯ ಮರುವಾಯಿ ಸುಕ್ಕ!" ಮರುವಾಯಿ ಎಂದರೆ ಇಲ್ಲಿ ಬೇಯಿಸಿ ತಿನ್ನುವ ಚಿಪ್ಪಿನ ಜೀವಿ. ಹಿಂದೆ ಇಂಥ ಚಿಪ್ಪನ್ನೇ ಸುಟ್ಟು ಸುಣ್ಣ ಮಾಡುತ್ತಿದ್ದರಂತೆ. ಇಲ್ಲಿಯ ಮಳೆ ಮಣ್ಣಿನ ಸುಣ್ಣವನ್ನೆಲ್ಲ ತೊಳೆದೊಯ್ಯುತ್ತದೆ. ಕಬ್ಬಿಣದ ಕೆಂಪಷ್ಟೇ ಉಳಿಯುತ್ತದೆ. ಅದಕ್ಕೇ ಅಡಿಕೆ ತೋಟಕ್ಕೂ ಸುಣ್ಣ ಹಾಕಬೇಕು.

ಈ ಕರಾವಳಿಯ ಸುಣ್ಣದ ಕಲ್ಲು ಇರುವುದು ನೀರಿನಡಿ. ಪಶ್ಚಿಮ ಕರಾವಳಿಯಾಚೆ 60ರಿಂದ 100 ಮೀಟರ್ ಆಳದಲ್ಲಿ ಸಾಸಿವೆಯಂಥ ದುಂಡು ಕಣಗಳ ಸುಣ್ಣಕಲ್ಲನ್ನು ವಿಜ್ಞಾನಿಗಳು ಎತ್ತಿ ನೋಡಿದ್ದಾರೆ. ವಯಸ್ಸು ಸುಮಾರು 9,000ದಿಂದ 11,000 ವರ್ಷ. ಅಂಥ ಕಣ ಕಟ್ಟುವುದು ಅಲೆ ಹೊರಳಿಸುವ ತಿಳಿ, ಬೆಚ್ಚನೆಯ, ಆಳವಿಲ್ಲದ ನೀರಿನಲ್ಲಿ. ಅಂದರೆ ಆಗ ದಂಡೆ ಅಲ್ಲೇ ಆಸುಪಾಸು ಇತ್ತು. 20,000 ವರ್ಷದ ಹಿಂದೆ ಹಿಮಯುಗದಲ್ಲಿ ಕಡಲು ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಹಿಮ ಕರಗಿದಂತೆ ಏರಿತು. ಆದರೆ ಆಗಿನ ದಂಡೆ ಎಲ್ಲಿತ್ತೆಂದು ತಿಳಿಯಲು ಆಳವೊಂದನ್ನೇ ನಂಬುವಂತಿಲ್ಲ, ನೆಲವೂ ಕುಸಿದಿರಬಹುದು. ಕಲ್ಲೋ ಚಿಪ್ಪೋ, ಯಾವ ನೀರಿನಲ್ಲಿ ಹುಟ್ಟಿತು, ಹುಟ್ಟಿದಲ್ಲೇ ಇದೆಯೋ, ಯಾರಾದರೂ ಉಂಡು ಎಸೆದದ್ದೋ, ಮೊದಲು ಅದನ್ನು ಕೇಳಬೇಕು. ನನಗೆ ಆ ಪಾಠ ಹೇಳಿದ್ದು ಮರುವಾಯಿ.

ಪರಶುರಾಮ ಕೊಡಲಿ ಎಸೆದು ಕಡಲನ್ನು ಹಿಂದೆ ಸರಿಸಿದ ಎಂಬ ಕಥೆ ಇಲ್ಲಿ ಮನೆಮನೆಯದು. ನಮ್ಮ ಶಹಾಬಾದಿನ ಕಡಲನ್ನು ಸರಿಸಿದವರ ಕಥೆಯನ್ನು ಯಾರೂ ಹೇಳಲಿಲ್ಲ. ನೀವು ಖಣಿಯಲ್ಲಿ ಪದರ ಪದರವಾಗಿ ಎಬ್ಬಿಸಿದ ಸುಣ್ಣದ ಕಲ್ಲಿನ ಫರ್ಸಿ, ಚಿಪ್ಪಿನ ಜೀವಿಗಳು ಹುಟ್ಟುವುದಕ್ಕೂ ಮೊದಲಿನ ಸಮುದ್ರದ ಕೆಸರು. ಕಡಲ ಮಗ್ಗುಲಿನ ಈ ಊರುಗಳಲ್ಲಿ ಹುಡುಕಿದರೂ ಸಿಗದ ಕಡಲ ತಳದ ಮೇಲೆ ಅವ್ವ ದಿನಾ ರೊಟ್ಟಿ ಬಡಿಯುತ್ತಾಳೆ.

ಪಡಸಾಲೆಯ ಫರ್ಸಿ ಕಿತ್ತು ಟೈಲ್ಸ್ ಹಾಕಿಸುವ ಮಾತು ಆಡಿದ್ದಿರಿ. ನಾ ಬರೋತನಕ ಕೀಳಿಸಬೇಡಿ.

ನಿಮ್ಮ ಮಗಳು