ಹಲವು ಬಗೆಯ ಕೈಗಳು

ಕುರುಡುಮಲೆಗೆ ಬರುವ ಯಾತ್ರಿಕರಲ್ಲಿ ಬಹುಮಂದಿ ಅಲ್ಲಿಯ ಮಹಾಗಣಪತಿಯ 13½ ಅಡಿ ಎತ್ತರದ ಭವ್ಯಮೂರ್ತಿಯನ್ನು ಕಂಡು ಕೃತಾರ್ಥರಾಗಿ ಮುಳಬಾಗಿಲಿಗೆ ಹಿಂದಿರುಗುತ್ತಾರೆ. ಅದೇ ಊರಿನಲ್ಲಿರುವ ಸೋಮೇಶ್ವರ ದೇವಾಲಯದವರೆಗೆ ಕಾಲು ಸವೆಸುವವರು ವಿರಳ. ಚೋಳರ ಕಾಲದ್ದೆಂದು ಹೇಳಲಾಗುವ ಈ ಗುಡಿಯ ಒಂದರ್ಧವನ್ನು ಜಕಣಾಚಾರಿಯೂ ಇನ್ನರ್ಧವನ್ನು ಆತನ ಮಗ ಡಂಕಣಾಚಾರಿಯೂ ನಿರ್ಮಿಸಿದರೆಂಬುದು ಜನರ ನಂಬಿಕೆ. ತಂದೆಯದೆನ್ನುವ ಭಾಗ ಸರಳವಾದುದು; ಮಗನದೆನ್ನುವ ಭಾಗದಲ್ಲಿ ಕುಸುರಿ ಹೆಚ್ಚು, ಕೈಚಳಕ ಹೆಚ್ಚು. ಎರಡು ಕೈಗಳ ಭೇದ ಕಣ್ಣಿಗೆ ಕಾಣುತ್ತಿದ್ದರೂ ಗುಡಿ ಮಾತ್ರ ಒಂದೇ. ದೇವತೆಗಳು ಕೂಡಿದ ಸ್ಥಳವಾದುದರಿಂದ ಊರಿಗೆ ಮೊದಲು 'ಕೂಡುಮಲೆ' ಎಂಬ ಹೆಸರಿತ್ತೆಂದು ಅಲ್ಲಿಯವರು ಹೇಳುತ್ತಾರೆ. ಈ ಸೀಮೆಯ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತನಾದ ನಾನು, ಮಕ್ಕಳನ್ನು ಕರೆದೊಯ್ದಾಗಲೆಲ್ಲ ಆ ಹೆಸರನ್ನೂ ಈ ಗುಡಿಯನ್ನೂ ಒಟ್ಟಿಗೇ ತೋರಿಸುತ್ತಿದ್ದೆ.

ಜಕಣಾಚಾರಿಯ ಹೆಸರಿಗೆ ಶಾಸನದ ಆಧಾರವಿಲ್ಲವೆಂಬುದನ್ನು ವಾಚಕರು ಬಲ್ಲರು. ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ಪ್ರತಿಷ್ಠಿತವಾಯಿತು. ಅಲ್ಲಿಯ ವಿಗ್ರಹಗಳ ಪೀಠಗಳಲ್ಲಿ ರೂವಾರಿಗಳು ತಮ್ಮ ಹೆಸರನ್ನು ತಾವೇ ಕೊರೆದಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂಬ ಹೆಸರುಗಳು ಅವರಲ್ಲಿವೆ. ಬಳ್ಳಿಗಾವೆಯೆಲ್ಲಿ, ಬೇಲೂರೆಲ್ಲಿ! ಪರಸ್ಥಳದವರ ಕೈಯೂ ಸೇರಿದುದರಿಂದಲೇ ಆ ಗುಡಿ ಆ ಗುಡಿಯಾಯಿತು. ಕಪ್ಪೆ ಚೆನ್ನಿಗರಾಯನ ಐತಿಹ್ಯದ ಒಳದನಿಯೂ ಇದೇ ಎಂದು ನನಗೆ ತೋರುತ್ತದೆ. ನುರಿತ ಆಚಾರಿಗಳೆಲ್ಲರೂ ನೋಡಿ ಒಪ್ಪಿದ್ದ ವಿಗ್ರಹದಲ್ಲಿ ದೋಷವುಂಟೆಂದವನು ಎಲ್ಲಿಂದಲೋ ಬಂದ ಒಬ್ಬ ಹುಡುಗ. ಗಂಧ ಲೇಪಿಸಿದಾಗ ಹೊಕ್ಕುಳ ಬಳಿ ಮಾತ್ರ ಒಣಗಲಿಲ್ಲ; ಒಡೆದಾಗ ನೀರೂ ಕಪ್ಪೆಯೂ ಕಂಡವು. ಆ ಹುಡುಗನ ಮಾತನ್ನು ಕೇಳಿದುದೇ ಕಥೆಯ ದೊಡ್ಡ ಸಂಗತಿ. ಕೇಳದೆ ಅಟ್ಟಿದ್ದರೆ ಕಥೆಯೇ ಇರುತ್ತಿರಲಿಲ್ಲ.

ಇಂದು ಕಚೇರಿ, ಕಾರ್ಖಾನೆಗಳಲ್ಲಿ ಬೇರೆ ಬೇರೆ ಭಾಷೆ, ಜಾತಿ, ಪ್ರಾಂತಗಳ ಸ್ತ್ರೀಪುರುಷರನ್ನು ಒಂದೇ ತಂಡದಲ್ಲಿ ಸೇರಿಸಿದರೆ ಕೆಲಸ ತಾನಾಗಿಯೇ ಸುಧಾರಿಸುತ್ತದೆಂದು ಹೇಳುವುದು ವಾಡಿಕೆಯಾಗಿದೆ. ನಮ್ಮ ಜಿಲ್ಲೆಯವರು ಇದನ್ನು ಅಷ್ಟು ಸುಲಭವಾಗಿ ಒಪ್ಪಲಾರರು. ಕೋಲಾರದ ಚಿನ್ನದ ಗಣಿಯನ್ನು ನಾವು ಕಂಡಿದ್ದೇವೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಅಲ್ಲಿ ಕಾಲಿಟ್ಟ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಗಣಿಗಾರರು ಬಂದರು, ಇಟಲಿಯವರು ಬಂದರು, ಆಂಗ್ಲೋ-ಇಂಡಿಯನ್ನರು, ಕಾವಲಿಗೆ ಪಂಜಾಬಿಗಳು, ನೆಲದಡಿಯ ದುಡಿಮೆಗೆ ತಮಿಳು, ತೆಲುಗು ಸೀಮೆಗಳ ಬಡಜನರು ಬಂದರು. ಅಷ್ಟು ವೈವಿಧ್ಯದ ಕೆಲಸದ ನೆಲೆ ಈ ನಾಡಿನಲ್ಲಿ ಮತ್ತೊಂದಿದ್ದಿತೋ ಇಲ್ಲವೋ. ಸುರಂಗವೇನೋ 3 ಕಿಲೋಮೀಟರಿಗಿಂತ ಆಳಕ್ಕೆ ಇಳಿಯಿತು. ಆದರೆ ಪ್ರತಿಯೊಂದು ಜನವರ್ಗಕ್ಕೂ ಒಂದೊಂದು ಮೆಟ್ಟಿಲು ನಿಶ್ಚಿತವಾಗಿತ್ತು: ಮೇಲಿನವನು ಆಜ್ಞಾಪಿಸುವವನು, ಕೆಳಗಿನವನು ಕೊರೆಯುವವನು. ಕೆಳಗಿನವನ ಮಾತು ಮೇಲೇರುವ ಹಾದಿ ಮುಚ್ಚಿದ್ದಾಗ ಅದು ಮುಷ್ಕರದ ರೂಪದಲ್ಲಿ ಹೊರಬೀಳುವುದು ಸಹಜ. 1930ರಲ್ಲಿ ಬೆರಳಚ್ಚಿನ ನೋಂದಣಿಯನ್ನು ಪ್ರತಿಭಟಿಸಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಅದನ್ನು ನಾನು ತಂಡವೆನ್ನಲಾರೆ. 2001ರಲ್ಲಿ ಗಣಿ ಮುಚ್ಚಿದ್ದು ಬೇರೆ ಕಾರಣಗಳಿಂದ. ಆ ವಿಚಾರ ಇಲ್ಲಿ ಬೇಡ.

ಭೇದಗಳು ಒಂದೆಡೆ ಸೇರಿದಾಗ ಕೆಲಸ ಕೆಡುವುದೂ ಉಂಟು. ಕೀನ್ಯಾ ದೇಶದ ಒಂದು ಗುಲಾಬಿ ತೋಟದ ಕೆಲಸವನ್ನು ಯೋನಾಸ್ ಯೋರ್ಟ್ ಎಂಬ ಅರ್ಥಶಾಸ್ತ್ರಜ್ಞ ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಲೇಖನ ಈ ದಿಸೆಯಲ್ಲಿ ಮನನೀಯವಾದುದು. ಅಲ್ಲಿ ಮೂವರದೊಂದು ಗುಂಪು. ಒಬ್ಬನು ಹೂಗಳನ್ನು ವಿಂಗಡಿಸಿ ಕೊಡುವವನು, ಇಬ್ಬರು ಅವನ್ನು ಕಟ್ಟುವವರು. ಕಟ್ಟುವವರಲ್ಲಿ ಒಬ್ಬನು ತನ್ನ ಬುಡಕಟ್ಟಿನವನು, ಇನ್ನೊಬ್ಬನು ಅನ್ಯನಾದರೆ, ಹೂ ಕೊಡುವವನು ತನ್ನವನ ಕಡೆಗೇ ಹೆಚ್ಚು ಸರಿಸುತ್ತಿದ್ದನು. ಅದರಿಂದ ತನ್ನ ಕೂಲಿಯೂ ಕಡಿಮೆಯಾಗುತ್ತಿದ್ದರೂ ಅವನಿಗೆ ಚಿಂತೆಯಿರಲಿಲ್ಲ! 2007ರ ಚುನಾವಣೆಯ ಬೆನ್ನಲ್ಲಿ ದೇಶದಲ್ಲಿ ಗಲಭೆಯಾದಾಗ ಈ ಪಕ್ಷಪಾತ ಇನ್ನೂ ಬೆಳೆಯಿತು. ಅನಂತರ ತೋಟದವರು ಕಟ್ಟುವವರಿಬ್ಬರಿಗೂ ಇಬ್ಬರ ಒಟ್ಟು ಕೆಲಸದ ಮೇಲೆ ಕೂಲಿ ಕೊಡತೊಡಗಿದರು. ಆಗ ತನ್ನವನಿಗೆ ಹೆಚ್ಚು ಸರಿಸಿ ಫಲವಿಲ್ಲದಂತಾಗಿ, ಆ ಇಬ್ಬರ ನಡುವಣ ತಾರತಮ್ಯ ಅಡಗಿತು. ಯಾರಿಗೂ ಉಪದೇಶ ಮಾಡಲಿಲ್ಲ. ಪಾಲನ್ನು ಒಂದುಗೂಡಿಸಿದರು, ಅಷ್ಟೇ.

ದೂರದ ಕೀನ್ಯಾದ ಮಾತು ನನಗೆ ಮನದಟ್ಟಾದುದು ನಮ್ಮೂರ ಕೆರೆಯ ದೆಸೆಯಿಂದ. ಕೋಲಾರ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಯೇ ನಮಗೆ ಜೀವಾಳ. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ರಾಜ್ಯದಲ್ಲಿ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆ ಆರಂಭವಾಗಿ, ಊರೂರಿಗೆ ಕೆರೆ ಬಳಕೆದಾರರ ಸಂಘಗಳು ಬಂದವು. ಅವುಗಳಲ್ಲಿ ಸ್ತ್ರೀಯರಿಗೂ ಭೂಮಿಯಿಲ್ಲದವರಿಗೂ ಸ್ಥಾನವಿರಬೇಕೆಂಬುದು ಕಟ್ಟಳೆ. ಅದಕ್ಕೆ ಮೊದಲು ನಮ್ಮಲ್ಲಿ ಕೆರೆಯ ವಿಚಾರವೆಂದರೆ ತೂಬಿನ ಸಮೀಪ ಗದ್ದೆಯುಳ್ಳ ಐದಾರು ಯಜಮಾನರು ಅರಳೀಕಟ್ಟೆಯ ಮೇಲೆ ಕುಳಿತು ಕಾಲು ಗಂಟೆಯಲ್ಲಿ ಮುಗಿಸುವ ಕೆಲಸ. ಎಲ್ಲರದೂ ಒಂದೇ ನೆಲ, ಒಂದೇ ಬೆಳೆ, ಒಂದೇ ಮಾತು. ಭಿನ್ನಾಭಿಪ್ರಾಯವೆಂಬುದನ್ನು ನಾನು ಅಲ್ಲಿ ಕಂಡದ್ದಿಲ್ಲ.

ಹೊಸ ಸಂಘದಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು. ಮೊದಲನೆಯ ಸಭೆ ಬೆಳಿಗ್ಗೆ ಕೂಡಿದ್ದು ಮಧ್ಯಾಹ್ನವಾದರೂ ಮುಗಿಯಲಿಲ್ಲ. ಅರ್ಧ ಮಾತು ತೆಲುಗು, ಅರ್ಧ ಕನ್ನಡ. ಯಜಮಾನರು ಏರಿಯ ಮಗ್ಗುಲಲ್ಲಿಯೇ ಹೂಳು ತೆಗೆಯಬೇಕೆಂದರು. ಅಲ್ಲಿ ಗೋಡು ಚೆನ್ನಾಗಿದೆ, ಟ್ರಾಕ್ಟರು ಇಳಿಯುವುದೂ ಸುಲಭ. ಮೂಲೆಯಲ್ಲಿ ನಿಂತಿದ್ದ ನೀರುಗಂಟಿ ಬಹಳ ಹೊತ್ತು ಸುಮ್ಮನಿದ್ದು ಕಡೆಗೆ, "ಏರಿ ಪಾದ ತೋಡಿದ್ರೆ ಏರಿ ಕೂರುತ್ತೆ ಸ್ವಾಮಿ" ಎಂದನು. ತಲೆಮಾರುಗಳಿಂದ ತೂಬು ಎತ್ತಿ ಇಳಿಸಿದ ಮನೆತನದವನು. ಅದುವರೆಗೆ ಅವನನ್ನು ನೀರು ಬಿಡೆಂದು ಕರೆದವರುಂಟೇ ಹೊರತು ಮಾತಾಡೆಂದು ಕರೆದವರಿರಲಿಲ್ಲ. ಕುರಿ ಮೇಯಿಸುವ ಇನ್ನೊಬ್ಬನು ಎದ್ದು, "ಮೇಷ್ಟ್ರೇ, ನೀರು ಬರೋ ಕಾಲುವೇನೇ ನೀಲಗಿರಿ ತೋಪಿನ ಹತ್ರ ಮುಚ್ಚಿಹೋಗದೆ. ಕೆರೆ ಎಷ್ಟು ತೋಡಿದ್ರೇನು?" ಎಂದನು. ಆ ತೋಪಿನ ಕಡೆಗೆ ಯಜಮಾನರಲ್ಲಿ ಯಾರೂ ಹೋದವರಲ್ಲ. ಕುರಿಯ ಹಿಂದೆ ಹೋದವನಿಗೆ ಮಾತ್ರ ಗೊತ್ತು. ಬಟ್ಟೆ ಒಗೆಯುವ ಅಜ್ಜಿಯೊಬ್ಬಳು ಬೇಸಿಗೆಯಲ್ಲಿ ಕಟ್ಟಕಡೆಗೆ ನೀರು ಉಳಿಯುವ ಗುಂಡಿ ಯಾವುದೆಂದು ಬೆರಳಿಟ್ಟು ತೋರಿಸಿದಳು.

ಸಭೆ ಮುಗಿದ ಮೇಲೆ ಯಾರಿಗೂ ಸಮಾಧಾನವಿರಲಿಲ್ಲ. ಯಜಮಾನರಲ್ಲೊಬ್ಬರು, "ಇದೇನು ಸಂತೆಯೋ ಸಭೆಯೋ, ಮೇಷ್ಟ್ರೇ?" ಎಂದು ಹೇಳಿ ಟವೆಲು ಕೊಡವಿ ನಡೆದರು; ಮುಂದೆ ಮೂರು ಸಭೆಗಳಿಗೆ ಬರಲೇ ಇಲ್ಲ. ಈ ಅಸಮಾಧಾನದ ವಿಷಯದಲ್ಲಿ ಅಮೆರಿಕದ ಕ್ಯಾಥರೀನ್ ಫಿಲಿಪ್ಸ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಸ್ವಾರಸ್ಯವಾಗಿದೆ. ಒಂದೇ ವಿದ್ಯಾರ್ಥಿಕೂಟದ ಮೂವರಿಗೆ ಕೊಲೆಯ ಪ್ರಕರಣವೊಂದನ್ನು ಬಿಡಿಸಲು ಕೊಟ್ಟು, ನಡುವೆ ನಾಲ್ಕನೆಯವರನ್ನು ಸೇರಿಸಿದರು: ಕೆಲವೆಡೆ ಅದೇ ಕೂಟದವರು, ಕೆಲವೆಡೆ ಬೇರೆ ಕೂಟದವರು. ತಮ್ಮವರೇ ಬಂದ ಗುಂಪುಗಳಲ್ಲಿ ಸರಿಯುತ್ತರ ಹೇಳಿದವು ಶೇಕಡಾ 29. ಹೊರಗಿನವರು ಬಂದ ಗುಂಪುಗಳಲ್ಲಿ ಶೇಕಡಾ 60. ವಿಚಿತ್ರವೆಂದರೆ, ಹೊರಗಿನವರಿದ್ದ ಗುಂಪುಗಳು ತಮ್ಮ ಚರ್ಚೆ ಚೆನ್ನಾಗಿ ಆಗಲಿಲ್ಲವೆಂದೂ ಉತ್ತರದ ಮೇಲೆ ಭರವಸೆಯಿಲ್ಲವೆಂದೂ ಹೇಳಿದವು. ಹೊರಗಿನವನು ಹೊಸ ಸಂಗತಿಯನ್ನೇ ತರಬೇಕೆಂದಿಲ್ಲ. ಅವನೆದುರಿಗೆ ನಮ್ಮ ಮಾತನ್ನು ನಾವೇ ಇನ್ನೊಮ್ಮೆ ತೂಗಿ ನೋಡುತ್ತೇವೆ. ನೆಮ್ಮದಿಯಾಗಿ ಮುಗಿದ ಸಭೆ ಚೆನ್ನಾಗಿ ಮುಗಿದ ಸಭೆಯೆಂದು ತಿಳಿಯುವುದು ನಮ್ಮೆಲ್ಲರ ಸ್ವಭಾವ. ಅರಳೀಕಟ್ಟೆಯ ಕಾಲು ಗಂಟೆಯ ಸಭೆಗಳಲ್ಲಿ ಆ ನೆಮ್ಮದಿಗೆ ಕೊರತೆಯಿರಲಿಲ್ಲ; ಕಾಲುವೆ ಮಾತ್ರ ಮುಚ್ಚಿಯೇ ಇದ್ದಿತು.

ಮೊದಲು ಕಾಲುವೆ ಬಿಡಿಸುವುದು, ಅನಂತರ ಏರಿಯಿಂದ ದೂರದಲ್ಲಿ ಹೂಳು ತೆಗೆಯುವುದು ಎಂದು ನಾಲ್ಕನೆಯ ಸಭೆಯಲ್ಲಿ ಗೊತ್ತಾಯಿತು. ಆಗ ಕುರಿ ಮೇಯಿಸುವವನೇ ಕೇಳಿದನು: "ಗೋಡು ಗದ್ದೆಯವರಿಗೆ, ನೀರು ಗದ್ದೆಯವರಿಗೆ. ನಾವು ಯಾಕೆ ಮಣ್ಣು ಹೊರಬೇಕು?" ಸಭೆ ಸ್ತಬ್ಧವಾಯಿತು. ಪ್ರಶ್ನೆ ನ್ಯಾಯವಾದುದು, ಮಾತಾಡಲು ಕರೆದು ಪಾಲಿಗೆ ಕರೆಯದಿದ್ದರೆ ಮರುಸಲ ಅವನೇಕೆ ಬಾಯಿ ತೆರೆದಾನು? ಬಹಳ ಎಳೆದಾಟದ ಬಳಿಕ, ಕೆರೆಯ ಮೀನಿನ ಉತ್ಪತ್ತಿಯೂ ಅಂಗಳದ ಹುಲ್ಲೂ ಭೂಮಿಯಿಲ್ಲದವರಿಗೆಂದು ಬರೆಯಿಸಿದರು. ಬರೆದವನು ನಾನೇ. ಹೆಬ್ಬೆಟ್ಟುಗಳೂ ಸಹಿಗಳೂ ಒಂದೇ ಪುಟದಲ್ಲಿವೆ. ಮಾರನೆಯ ವಾರ ಕಾಲುವೆಯ ಕೆಲಸಕ್ಕೆ ಮನೆಗೊಂದಾಳು ಬಂದಿತು.

ಆ ವರ್ಷದ ಮಳೆ ಸಾಧಾರಣ. ಕೆರೆ ಕೋಡಿ ಬೀಳಲಿಲ್ಲ. ಹಾಗೆ ಬಿದ್ದಿತೆಂದು ಬರೆಯಲು ನನಗೂ ಆಸೆಯೇ. ಆದರೆ ಕಾಲುವೆಯಲ್ಲಿ ನೀರು ಬಂದಿತು, ಅಜ್ಜಿ ತೋರಿಸಿದ ಗುಂಡಿಯಲ್ಲಿ ವೈಶಾಖದವರೆಗೂ ದನಗಳಿಗೆ ಕುಡಿಯಲು ಉಳಿಯಿತು. ಟವೆಲು ಕೊಡವಿ ಹೋಗಿದ್ದ ಯಜಮಾನರು ಆ ಬೇಸಿಗೆಯಲ್ಲಿಯೇ ಮರಳಿ ಬಂದರು. ಒಂದು ಷರತ್ತು ಮಾತ್ರ ಹಾಕಿದರು: ಸಭೆ ಅರ್ಧ ದಿನ ನಡೆಯುವುದಾದರೆ ನಡೆಯಲಿ, ಡೇರಿಗೆ ಹಾಲು ಹಾಕಿದ ಮೇಲೆ ಕರೆಯಿರಿ ಎಂದು. ಅಂದಿನಿಂದ ನೋಟೀಸಿನಲ್ಲಿ ಹಾಗೆಯೇ ಬರೆಯುತ್ತಿದ್ದೇನೆ.