ಸಮಯದ ಅಭಾವದಿಂದ

ಹರಿಹರದ ಕಾಲೇಜುಗಳಲ್ಲಿ ಈಗ ಕಾರ್ಯಕ್ರಮಗಳಿಗೆ ಬರವಿಲ್ಲ. ಸೆಮಿಸ್ಟರ್ ಪರೀಕ್ಷೆಗೆ ಇನ್ನೊಂದು ತಿಂಗಳಿದೆ ಅನ್ನುವಾಗಲಂತೂ ಪರಿಚಯದ ಮೇಷ್ಟ್ರುಗಳಿಂದ ವಾಟ್ಸ್ಆಪ್‌ಗೆ ದಿನಕ್ಕೊಂದು ಪೋಸ್ಟರ್ ಬಂದು ಬೀಳುತ್ತದೆ. ಸೋಮವಾರ ವಾಣಿಜ್ಯ ವಿಭಾಗದವರ ಜಿಎಸ್‌ಟಿ ಕಾರ್ಯಾಗಾರ, ಬುಧವಾರ ಸೈಬರ್ ಅಪರಾಧದ ಬಗ್ಗೆ ವಿಶೇಷ ಉಪನ್ಯಾಸ, ಶುಕ್ರವಾರ ಎಥ್ನಿಕ್ ಡೇ, ಮಾರನೇ ದಿನ ಬೌದ್ಧಿಕ ಆಸ್ತಿ ಹಕ್ಕಿನ ಮೇಲೆ ವಿಚಾರ ಸಂಕಿರಣ. ಪೋಸ್ಟರಿನ ಮೇಲ್ಗಡೆ ಆಡಳಿತ ಮಂಡಳಿಯವರು, ಪ್ರಾಂಶುಪಾಲರು, ಗುಣಮಟ್ಟ ಕೋಶದ (ಐಕ್ಯೂಎಸಿ) ಸಂಚಾಲಕರು ಸಾಲಾಗಿ ನಗುತ್ತಿರುತ್ತಾರೆ. ಮಾತಾಡಲು ಬರುವವರ ಫೋಟೊ ಎಲ್ಲಿದೆ ಎಂದು ಹುಡುಕಬೇಕು. ಕೆಳಗೆ ಕ್ಯೂಆರ್ ಕೋಡ್. ಕಾಲೇಜಿನ ಹೊರಗಿನವನಾದ ನನಗೆ ಇವನ್ನು ಕಳಿಸುವುದು ನಾಲ್ಕು ಜನಕ್ಕೆ ಫಾರ್ವರ್ಡ್ ಮಾಡಲಿ ಎಂದು. ಬಂದು ಕೂರಲಿ ಎಂದೇನೂ ಅಲ್ಲ.

ನಾನು ಓದಿದ್ದು 1980ರ ದಶಕದ ನಡುವೆ, ಇದೇ ಊರಿನ ಒಂದು ಕಾಲೇಜಿನಲ್ಲಿ. ಆಗ ಹರಿಹರ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಕಾಲೇಜು ಮೈಸೂರು ವಿಶ್ವವಿದ್ಯಾನಿಲಯದ ಕೆಳಗಿತ್ತು. 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಬಂತು, 1997ರಲ್ಲಿ ದಾವಣಗೆರೆ ಜಿಲ್ಲೆಯಾಯಿತು, 2009ರಲ್ಲಿ ದಾವಣಗೆರೆಗೇ ಒಂದು ವಿಶ್ವವಿದ್ಯಾನಿಲಯ ಸಿಕ್ಕಿತು. ನನ್ನ ಪದವಿ ಪತ್ರ ಒಂದರದು, ತಮ್ಮನದು ಇನ್ನೊಂದರದು, ಮಗಳದು ಮತ್ತೊಂದರದು. ಮೂವರೂ ಹತ್ತಿದ್ದು ಒಂದೇ ಮೆಟ್ಟಿಲು.

ನಮ್ಮ ಕಾಲದಲ್ಲಿ ಕಾರ್ಯಕ್ರಮದ ಸುದ್ದಿ ಬರುತ್ತಿದ್ದುದು ನೋಟಿಸ್ ಪುಸ್ತಕದಲ್ಲಿ. ಜವಾನ ಅದನ್ನು ಕಂಕುಳಲ್ಲಿಟ್ಟುಕೊಂಡು ಕ್ಲಾಸಿನಿಂದ ಕ್ಲಾಸಿಗೆ ಹೋಗುವನು. ಮೇಷ್ಟ್ರು ಪಾಠ ನಿಲ್ಲಿಸಿ ಓದುವರು: ಇಂಥ ದಿನ ಮಧ್ಯಾಹ್ನ ಮೂರಕ್ಕೆ ಕನ್ನಡ ಸಂಘದ ಉದ್ಘಾಟನೆ, ಎಲ್ಲರೂ ತಪ್ಪದೆ ಹಾಜರಿರತಕ್ಕದ್ದು. ಓದಿ ಸಹಿ ಹಾಕಿದರೆ ಮುಗಿಯಿತು. ವರ್ಷಕ್ಕೆ ಇಂಥವು ಬೆರಳೆಣಿಕೆಯಷ್ಟು. ಥರ್ಮೋಕೋಲಿನಲ್ಲಿ ಅಕ್ಷರ ಕತ್ತರಿಸಿ ನೀಲಿ ಪರದೆಗೆ ಗುಂಡುಸೂಜಿಯಿಂದ ಚುಚ್ಚುವ ಕೆಲಸ ನಮ್ಮದು. ಭಾಷಣದ ನಡುವೆ ಒತ್ತಕ್ಷರವೊಂದು ಉದುರಿ ಅಧ್ಯಕ್ಷರ ತಲೆಯ ಮೇಲೆ ಬೀಳುವುದೂ ಇತ್ತು. ಮೈಕು ಬಾಡಿಗೆಯದು. ದಾವಣಗೆರೆಯ ಅತಿಥಿ ಬಸ್ಸಿನಲ್ಲೇ ಬಂದು ಹೋಗುವರು, ಹದಿನಾಲ್ಕು ಕಿಲೋಮೀಟರಿನ ದಾರಿ. ದೂರದವರಾದರೆ ಹಿಂದಿನ ರಾತ್ರಿ ಯಾರಾದರೂ ಮೇಷ್ಟ್ರ ಮನೆಯಲ್ಲಿ ಊಟ, ಮಲಗುವುದು.

ಆಗಿನ ಭಾಷಣಗಳು ಈಗಿನವಕ್ಕಿಂತ ಚೆನ್ನಾಗಿದ್ದವು ಎಂದು ಹೇಳುವವರಿದ್ದಾರೆ, ನಾನು ಹೇಳಲಾರೆ. ಬಹುಪಾಲು ಆಕಳಿಕೆ ತರಿಸುವಂಥವೇ. ಯುವಕರು ಕೆಟ್ಟಿದ್ದಾರೆ, ಸಿನಿಮಾ ಕೆಡಿಸಿದೆ, ತಾಯಿತಂದೆಯರಿಗೆ ವಿಧೇಯರಾಗಿರಿ ಎಂಬಲ್ಲಿಗೆ ಮುಕ್ಕಾಲು ಗಂಟೆ. ಬಾಗಿಲಿಗೆ ಅಡ್ಡವಾಗಿ ಪಿ.ಟಿ. ಮೇಷ್ಟ್ರು ನಿಂತಿರುತ್ತಿದ್ದುದರಿಂದಲೇ ಸಭೆ ತುಂಬಿರುತ್ತಿತ್ತು. ಹುಡುಗಿಯರಿಗೆ ಬಲಗಡೆಯ ಸಾಲು. ಅವರಲ್ಲಿ ಒಬ್ಬರು ಪ್ರಾರ್ಥನೆ ಹಾಡಲು ವೇದಿಕೆ ಹತ್ತುವರು. ಆಮೇಲೆ ಅವರ ದನಿ ಕೇಳಿದ ನೆನಪಿಲ್ಲ. ಹಳ್ಳಿ ಬಸ್ಸಿಗೆ ಹೋಗಬೇಕಾದವರು ನಾಲ್ಕು ಹೊಡೆಯುವ ಮೊದಲೇ ಎದ್ದು ಹೋಗುತ್ತಿದ್ದರು.

ಆದರೆ ಹಿಂದಿನ ಸಾಲುಗಳಲ್ಲಿ ಊರಿನವರು ಇರುತ್ತಿದ್ದರು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಆಗ ನಡೆಯುತ್ತಿದ್ದ ಕಾರ್ಖಾನೆ. ಹರಿಹರದ ಹೆಸರು ಹೊತ್ತ ಲೇತ್ ಯಂತ್ರಗಳು ದೇಶದ ವರ್ಕ್‌ಶಾಪುಗಳಿಗೆ ಹೋಗುತ್ತಿದ್ದವು. ತುಂಗಭದ್ರೆ ಹೊಳೆಯಾಚೆ ಕುಮಾರಪಟ್ಟಣದಲ್ಲಿ ಪಾಲಿಫೈಬರ್ಸ್ ಕಾರ್ಖಾನೆ. ಮೊದಲ ಪಾಳಿ ಮುಗಿಸಿದ ಕೆಲವರು ಸೈಕಲ್ಲನ್ನು ಕಾಂಪೌಂಡಿಗೆ ಒರಗಿಸಿ ಬಂದು ಕೂರುವರು; ಒಬ್ಬಿಬ್ಬರು ನಿವೃತ್ತ ಮೇಷ್ಟ್ರು, ಒಬ್ಬ ಅಂಚೆ ಕಚೇರಿಯವರು. ಅವರನ್ನು ಯಾರೂ ಕರೆದಿರುತ್ತಿರಲಿಲ್ಲ, ಬೇಡವೆಂದೂ ಅನ್ನುತ್ತಿರಲಿಲ್ಲ. ಊರಿನವರಿಗೂ ವಿಷಯ ಮುಟ್ಟಿಸುವುದು ಮೈಸೂರು ವಿಶ್ವವಿದ್ಯಾನಿಲಯಕ್ಕಂತೂ ಹಳೆಯ ರೂಢಿ. 1930ರ ದಶಕದಿಂದಲೇ ಅದರ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಟ್ಟು ಬರುತ್ತಿದ್ದರು. ಆ ಮಾತುಗಳನ್ನೇ ಪುಟ್ಟ ಪುಸ್ತಕ ಮಾಡಿ ಅಗ್ಗದ ಬೆಲೆಗೆ ಹಂಚುತ್ತಿದ್ದರು. ನಮ್ಮ ಲೈಬ್ರರಿಯ ಒಂದು ಬೀರುವಿನ ತುಂಬ ಅಂಥವೇ ಇದ್ದವು, ವಿಜ್ಞಾನದ್ದು, ಆರೋಗ್ಯದ್ದು, ಚರಿತ್ರೆಯದು.

ಒಂದು ಮಧ್ಯಾಹ್ನದ ಸಭೆ ನೆನಪಿದೆ. ರಸಾಯನಶಾಸ್ತ್ರದ ಅತಿಥಿಯೊಬ್ಬರು ದಿನಬಳಕೆಯಲ್ಲಿ ವಿಜ್ಞಾನ ಎಂದು ಸೋಪು, ಉಪ್ಪು, ಸೀಮೆಎಣ್ಣೆಯ ಮೇಲೆ ಮಾತಾಡಿ ಕೂತರು. ಹೊಳೆಯಾಚೆಯ ಹಳ್ಳಿಯಿಂದ ಬರುತ್ತಿದ್ದ ನಮ್ಮ ಕ್ಲಾಸಿನ ಹುಡುಗ ಎದ್ದು, “ಸರ್, ನಮ್ಮೂರ ಕಡೆ ಹೊಳ್ಯಾಗ ಮೀನ ಯಾಕ ಸಾಯಾಕತ್ತಾವ?” ಎಂದ. ಸಭೆ ನಕ್ಕಿತು. ಹಿಂದಿನ ಸಾಲಿನಲ್ಲಿದ್ದ ಕಾರ್ಖಾನೆಯವರು ನಗಲಿಲ್ಲ. ಅಧ್ಯಕ್ಷತೆ ವಹಿಸಿದ್ದವರು ಮೈಕು ತೆಗೆದುಕೊಂಡು, ವಿಷಯಕ್ಕೆ ಸಂಬಂಧಪಟ್ಟದ್ದನ್ನು ಮಾತ್ರ ಕೇಳಬೇಕು ಎಂದು ಕೂರಿಸಿದರು. ಮುಂದೆ ವಂದನಾರ್ಪಣೆ. ಆಮೇಲೆ ಮರದ ಕೆಳಗೆ ಖಾರ ಮಂಡಕ್ಕಿ, ಚಹಾ. ಅತಿಥಿ ಲೋಟ ಹಿಡಿದುಕೊಂಡು ತಾವೇ ಆ ಹುಡುಗನನ್ನು ಹುಡುಕಿಕೊಂಡು ಬಂದರು. ಕೊಳೆಯುವ ತ್ಯಾಜ್ಯ ನೀರಿಗೆ ಬಿದ್ದರೆ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಹೆಚ್ಚುತ್ತವೆ, ನೀರಲ್ಲಿ ಕರಗಿರುವ ಆಮ್ಲಜನಕವನ್ನು ಅವೇ ಮುಗಿಸುತ್ತವೆ, ಬೇಸಿಗೆಯಲ್ಲಿ ಹರಿವು ಕಡಿಮೆಯಾದಾಗ ಮೀನಿಗೆ ಉಸಿರು ಸಿಗುವುದಿಲ್ಲ ಎಂದು ಬಿಡಿಸಿ ಹೇಳಿದರು. ಪಾಳಿಯವರೂ ಸುತ್ತ ನಿಂತು ಕೇಳಿಸಿಕೊಂಡರು. ಅವರ ಅನ್ನ ಹೊಳೆದಡದ ಕಾರ್ಖಾನೆಯದು, ಸಾಯುತ್ತಿದ್ದ ಮೀನು ಅದೇ ಹೊಳೆಯದು. ಯಾರೂ ಏನೂ ಮಾತಾಡಲಿಲ್ಲ. ತುಂಗಭದ್ರೆಯ ಮಾಲಿನ್ಯದ ವಿರುದ್ಧ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯವರ ಹೋರಾಟ ಆ ದಶಕದಲ್ಲೇ ಸುದ್ದಿಯಾಯಿತು. ನಮಗೆ ಅದರ ರಸಾಯನಶಾಸ್ತ್ರ ಮೊದಲು ತಿಳಿದದ್ದು ಚಹಾದ ಹೊತ್ತಿನಲ್ಲಿ.

ರಂಜನೆಯ ಕಾರ್ಯಕ್ರಮಗಳನ್ನು ನೆನೆದು ಹಲುಬುವ ಹಾಗೇನೂ ಇರಲಿಲ್ಲ. ರಾಣೆಬೆನ್ನೂರಿನವರು ಗ್ಯಾದರಿಂಗ್ ಎನ್ನುವ ಕಾಲೇಜು ವಾರ್ಷಿಕೋತ್ಸವ ನಮಗೆ ಯೂನಿಯನ್ ಡೇ. ಅದರ ಹಿಂದೆ ಚುನಾವಣೆ, ಚುನಾವಣೆಯ ಹಿಂದೆ ಜಾತಿ ಲೆಕ್ಕ, ಒಂದೆರಡು ಹೊಡೆದಾಟ. ದಶಕದ ಕೊನೆಗೆ ರಾಜ್ಯದಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆಯೇ ನಿಂತಾಗ ಅನೇಕ ತಾಯಂದಿರು ನಿಟ್ಟುಸಿರು ಬಿಟ್ಟಿರಬೇಕು. ಫಿಶ್‌ಪಾಂಡ್ ಎಂಬ ಆಟದಲ್ಲಿ ಹೆಸರಿಲ್ಲದ ಚೀಟಿಗಳನ್ನು ಮೈಕಿನಲ್ಲಿ ಓದುತ್ತಿದ್ದರು: ಇಂಥವಳ ಬಣ್ಣ, ಇಂಥವನ ಚಪ್ಪಲಿ, ಇನ್ನೊಬ್ಬನ ಇಂಗ್ಲಿಷು. ನಾವೂ ನಗುತ್ತಿದ್ದೆವು. ಚೀಟಿಯಲ್ಲಿ ಹೆಸರು ಬಂದ ಹುಡುಗಿ ಮರುದಿನ ಕಾಲೇಜಿಗೆ ಬರುತ್ತಿರಲಿಲ್ಲ. ಆ ಆಟ ಹೋದದ್ದು ಒಳ್ಳೆಯದೇ ಆಯಿತು. ಉಳಿದದ್ದು ಬಹುಮಾನದ ಸ್ಟೀಲ್ ತಟ್ಟೆ. ನನ್ನದರಲ್ಲಿ ಈಗಲೂ ಚಪಾತಿ ಹಿಟ್ಟು ಕಲಸುತ್ತಾರೆ.

ಕಾರ್ಯಕ್ರಮಗಳು ಹೀಗೆ ಹೆಚ್ಚಿದ್ದು ಊರಿಗೆ ಜ್ಞಾನದಾಹ ಹುಟ್ಟಿದ್ದರಿಂದಲ್ಲ. ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ 1994ರಲ್ಲಿ ಬಂತು. ಎಷ್ಟು ಉಪನ್ಯಾಸ, ಎಷ್ಟು ಕಾರ್ಯಾಗಾರ, ಎಷ್ಟು ವಿದ್ಯಾರ್ಥಿಗಳು ಎಂದು ದಾಖಲೆ ಸಮೇತ ಕೇಳತೊಡಗಿತು. 2010ರಲ್ಲಿ ಯುಜಿಸಿ ಅಧ್ಯಾಪಕರಿಗೆ ಎಪಿಐ ಅಂಕಗಳನ್ನು ತಂದಾಗ ಸೆಮಿನಾರಿನಲ್ಲಿ ಪ್ರಬಂಧ ಓದಿದ್ದಕ್ಕೂ ಅಂಕ ಬಿತ್ತು, ಬಡ್ತಿಗೆ ಆ ಅಂಕ ಬೇಕಾಯಿತು. ಓದುವವರು ಹೆಚ್ಚಿದರು; ಕೇಳುವವರು ತಮ್ಮ ಸರದಿ ಬರುವ ತನಕ ಕೂತವರು. 2020ರ ಲಾಕ್‌ಡೌನಿನಲ್ಲಿ ವೆಬಿನಾರುಗಳು ಬಂದವು. ಗೂಗಲ್ ಫಾರ್ಮ್ ತುಂಬಿದರೆ ಇ-ಪ್ರಮಾಣಪತ್ರ. ಒಂದೇ ಬೆಳಿಗ್ಗೆ ಮೂರು ಊರಿನ ಮೂರು ಪ್ರಮಾಣಪತ್ರ ಗಿಟ್ಟಿಸಿದವರನ್ನು ನಾನು ಬಲ್ಲೆ.

ಈಚೆಗೆ ಒಂದು ಕಾರ್ಯಾಗಾರಕ್ಕೆ ಹೋಗಿ ಕೂತಿದ್ದೆ. ಹತ್ತೂವರೆಯದು ಹನ್ನೊಂದೂಮುಕ್ಕಾಲಿಗೆ ಶುರುವಾಯಿತು. ಪ್ರಾರ್ಥನೆ, ನಾಡಗೀತೆ, ಸ್ವಾಗತ, ಗಿಡಕ್ಕೆ ನೀರೆರೆದು ಉದ್ಘಾಟನೆ, ಪ್ರಾಸ್ತಾವಿಕ, ಅತಿಥಿಗಳ ಪರಿಚಯ, ಪೇಟ-ಶಾಲು-ಹಾರ, ಅಧ್ಯಕ್ಷರ ನುಡಿ. ಹಿಂದೆ ಇಡೀ ಕಾರ್ಯಕ್ರಮದ ವಿವರವಿದ್ದ ಫ್ಲೆಕ್ಸ್, ಅದರಲ್ಲಿ ಒಂದಕ್ಷರವೂ ಉದುರುವಂತಿಲ್ಲ. ಅತಿಥಿ ಪವರ್‌ಪಾಯಿಂಟ್ ತೆಗೆದರು. ವಿಷಯ ಬಲ್ಲವರೇ, ಚೆನ್ನಾಗಿಯೇ ಹೇಳುತ್ತಿದ್ದರು. ಅಷ್ಟರಲ್ಲಿ ಊಟದ ಗಂಟೆ. “ಸಮಯದ ಅಭಾವದಿಂದ ಸಂವಾದವನ್ನು ಕೈಬಿಡಲಾಗಿದೆ” ಎಂದು ನಿರೂಪಣೆಯ ಹುಡುಗಿ ಹೇಳಿದಳು. ಸಭೆ ಪೂರ್ತಿ ಓಡಾಡುತ್ತಿದ್ದವರು ಆ ಕಾಲೇಜಿನ ಒಬ್ಬ ಅತಿಥಿ ಉಪನ್ಯಾಸಕರು. ಫೋನಿನಲ್ಲಿ ತೆಗೆದ ಪ್ರತಿ ಚಿತ್ರದ ಕೆಳಗೆ ಚಿಕ್ಕ ನಕ್ಷೆ, ಹರಿಹರದ ಅಕ್ಷಾಂಶ-ರೇಖಾಂಶ, ದಿನಾಂಕ, ಹೊತ್ತು. ಇದೆಲ್ಲ ಯಾಕೆ ಸರ್ ಎಂದೆ. “ಜಿಯೊಟ್ಯಾಗ್ ಇಲ್ಲಾಂದ್ರೆ ಪ್ರೋಗ್ರಾಂ ಆಗೇ ಇಲ್ಲ ಅಂತ ಲೆಕ್ಕ ಸರ್. ರಾತ್ರಿ ವರದಿ ಬೇರೆ ಬರೀಬೇಕು” ಎಂದರು. ವರ್ಷದಿಂದ ವರ್ಷಕ್ಕೆ ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲದವರ ಕೈಯಲ್ಲೇ ಕಾಲೇಜಿನ ಈ ಶಾಶ್ವತ ದಾಖಲೆಗಳೆಲ್ಲ ಇವೆ.

ಆ ನಿರೂಪಣೆಯ ಹುಡುಗಿ ಮಲೇಬೆನ್ನೂರು ಕಡೆಯಿಂದ ಬರುವವಳು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿಗೆ ಅವಳು ಕಾಸು ಕೊಡಬೇಕಿಲ್ಲ. ಸಭೆಯಲ್ಲಿ ಹುಡುಗಿಯರೇ ಹೆಚ್ಚು, ಮೈಕು ಅವರ ಕೈಯಲ್ಲೇ ಇತ್ತು. ನಮ್ಮ ಪ್ರಾರ್ಥನೆಯ ಹುಡುಗಿಯರಿಗೂ ಇವಳಿಗೂ ಇರುವ ಅಂತರವನ್ನು ನೋಡದೆ ಹಳೆಯದನ್ನು ಹೊಗಳುವವರ ಮಾತಿಗೆ ನಾನು ತಲೆದೂಗುವುದಿಲ್ಲ. ಟ್ಯಾಲಿ, ಎಕ್ಸೆಲ್, ಸಂದರ್ಶನ ಎದುರಿಸುವ ಬಗೆಯನ್ನು ಕಲಿಸುವ ಇಂಥ ಕಾರ್ಯಾಗಾರಗಳಿಂದ ಕೆಲಸ ಸಿಕ್ಕವರೂ ಇದ್ದಾರೆ. ನಮಗೆ ಅಂಥದ್ದನ್ನು ಹೇಳಿಕೊಟ್ಟವರೇ ಇರಲಿಲ್ಲ.

ಕಿರ್ಲೋಸ್ಕರ್ ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು. ಕಾಲೇಜಿನ ಗೇಟಿನಲ್ಲಿ ಈಗ ಐಡಿ ಕಾರ್ಡ್ ಕೇಳುತ್ತಾರೆ. ಹಿಂದಿನ ಸಾಲು ಖಾಲಿಯಾದದ್ದು ಹೀಗೆ. ಆದರೆ ಇದು ಅನಿವಾರ್ಯ ಅನ್ನುವವರು ಬೆಂಗಳೂರಿನ ನ್ಯಾಷನಲ್ ಕಾಲೇಜಿನತ್ತ ನೋಡಬೇಕು. ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು 1962ರಲ್ಲಿ ಅಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ಬುಧವಾರ ಸಂಜೆ ಉಪನ್ಯಾಸ, ಯಾರು ಬೇಕಾದರೂ ಬರಬಹುದು, ಕಾಸಿಲ್ಲ. ಅದನ್ನು ದಶಕಗಳ ಕಾಲ ನಡೆಸಿದ್ದಾರೆ.

ಹರಿಹರ, ದಾವಣಗೆರೆಯ ಪ್ರಾಂಶುಪಾಲರಲ್ಲಿ ನನ್ನ ವಿನಂತಿ ಇಷ್ಟೇ. ತಿಂಗಳಿಗೊಂದು ಕಾರ್ಯಕ್ರಮವನ್ನು ಭಾನುವಾರ ಬೆಳಿಗ್ಗೆ ಇಡಿ, ಆ ಹೊತ್ತಿಗೆ ಗೇಟು ತೆರೆದಿಡಿ. ಪೋಸ್ಟರಿನ ಒಂದು ಪ್ರತಿಯನ್ನು ಬಸ್ ಸ್ಟ್ಯಾಂಡಿಗೂ ಗ್ರಂಥಾಲಯಕ್ಕೂ ಅಂಟಿಸಿ. ಸ್ವಾಗತ, ಸನ್ಮಾನ ಎಲ್ಲ ಸೇರಿ ಹತ್ತು ನಿಮಿಷಕ್ಕೆ ಮುಗಿಸಿ ಪ್ರಶ್ನೆಗಳಿಗೆ ಅರ್ಧ ಗಂಟೆ ಬಿಡಿ. ವಿಷಯಕ್ಕೆ ಸಂಬಂಧವಿಲ್ಲದ ಪ್ರಶ್ನೆಯನ್ನೂ ಕೇಳಲು ಬಿಡಿ. ನ್ಯಾಕ್‌ನವರು ಬೇಡ ಅನ್ನುವುದಿಲ್ಲ. ಊರಿನವರು ಬಂದು ಕೂತರೆ ವಿಸ್ತರಣಾ ಚಟುವಟಿಕೆ ಎಂದು ಅದೇ ಫೋಟೊವನ್ನು ಇನ್ನೊಂದು ಫೈಲಿಗೂ ಸೇರಿಸಿಕೊಳ್ಳಬಹುದು.