ರನ್ನನ ಊರಿನಲ್ಲಿ ಎರಡು ರಾತ್ರಿ

ಮುಧೋಳದಲ್ಲಿ ಬಸ್ಸು ಹತ್ತಿ ತೊಡೆಯ ಮೇಲೆ ಕರಿಯ ಚೀಲವೊಂದನ್ನು ಇಟ್ಟುಕೊಂಡು ಕುಳಿತಿದ್ದೆ. ಪಕ್ಕದಲ್ಲಿದ್ದ ಪಟಗದ ಹಿರಿಯರು ನನ್ನನ್ನೂ ಚೀಲವನ್ನೂ ಎರಡು ಮೂರು ಸಲ ನೋಡಿದರು. ಕೊನೆಗೆ ತಡೆಯಲಾರದೆ, “ಏನೈತ್ರಿ ಒಳಗ, ಪೇಟಿ ಏನ್ರಿ? ಭಜನಾಕ್ಕ ಹೊಂಟೀರೇನು?” ಎಂದರು.

“ಗಾಳೀ ಪೇಟಿನ ರಿ” ಎಂದೆ. ನಾನು ಹೇಳಿದ್ದು ಸುಳ್ಳಲ್ಲ. ಚೀಲದೊಳಗಿದ್ದದ್ದು ಗಾಳಿ ಊದುವ ಯಂತ್ರವೇ. ಆದರೆ ಅದು ಹಾಡುವುದಕ್ಕಲ್ಲ, ರಾತ್ರಿ ನಾನು ಮಲಗುವುದಕ್ಕೆ.

ಅಂದು ಎಳ್ಳಮಾವಾಸ್ಯೆಯ ಹಿಂದಿನ ದಿನ. ಕಬ್ಬು ನುರಿಸುವ ಹಂಗಾಮು ಜೋರಾಗಿತ್ತು. ಎರಡೆರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳು ಕಿವಿ ಕಿತ್ತುಹೋಗುವಂತೆ ಹಾಡು ಹಚ್ಚಿಕೊಂಡು ನಮ್ಮ ಮುಂದೆ ಸಾಲಾಗಿ ಸಾಗಿದ್ದವು. ಅವುಗಳ ಹಿಂದೆ ನಮ್ಮ ಬಸ್ಸು ಮದುವೆ ಮೆರವಣಿಗೆಯ ಹಾಗೆ ತೆವಳುತ್ತಿತ್ತು. ಘಟಪ್ರಭೆಯ ನೀರು ಕುಡಿದ ಈ ಕರಿಯ ಮಣ್ಣಿನಲ್ಲಿ ಎತ್ತ ನೋಡಿದರೂ ಕಬ್ಬು. ಒಂದು ಕಡೆ ಕಡಿದ ಹೊಲದಲ್ಲಿ ರವದಿಗೆ ಬೆಂಕಿ ಹಚ್ಚಿದ್ದರು. ಅದರ ಕರಿಯ ಬೂದಿ ಕಿಟಕಿಯಿಂದ ಒಳಗೆ ಬಂದು ಅಂಗಿಯ ಮೇಲೆ ಕೂರುತ್ತಿತ್ತು. ಆ ಕಡೆ ಮಹಾಲಿಂಗಪುರದ ಬೆಲ್ಲದ ಪೇಟೆ, ಅದರಾಚೆ ಸಮೀರವಾಡಿಯ ಸಕ್ಕರೆ ಕಾರ್ಖಾನೆ. ನಡುವೆ ನನ್ನ ಸೋದರಮಾವನ ಊರು, ರನ್ನ ಬೆಳಗಲಿ.

ನಾವು ಚಿಕ್ಕವರಿದ್ದಾಗ ಅದು ಬಿಜಾಪುರ ಜಿಲ್ಲೆಯ ಬರೀ ಬೆಳಗಲಿ. 1997ರಲ್ಲಿ ಜಿಲ್ಲೆ ಒಡೆದು ಬಾಗಲಕೋಟೆಗೆ ಸೇರಿತು. ಈಗ ಊರಿನ ಹೆಸರಿನ ಮುಂದೆಯೇ ಕವಿ ಬಂದು ನಿಂತಿದ್ದಾನೆ. 949ರಲ್ಲಿ ಈ ಸೀಮೆಯ ಬಳೆಗಾರರ ಮನೆಯಲ್ಲಿ ಹುಟ್ಟಿದ ಹುಡುಗ ವಿದ್ಯೆಗಾಗಿ ದೂರದ ಶ್ರವಣಬೆಳಗೊಳಕ್ಕೆ ಹೋದ, ಅಜಿತಸೇನಾಚಾರ್ಯರಲ್ಲಿ ಕಲಿತ, ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿ ಎನಿಸಿದ. ಈ ಕಥೆ ಇಲ್ಲಿಯ ಮಕ್ಕಳಿಗೆ ತಮ್ಮ ಮನೆಯ ಹಿರಿಯರ ಕಥೆಯಿದ್ದ ಹಾಗೆ.

ಬೆಳಗಲಿಗೆ ನಾನು ಬಂದು ಮೂರು ವರ್ಷವಾಗಿತ್ತು. ಅದಕ್ಕೆ ಕಾರಣವಿತ್ತು. ಮೂರು ವರ್ಷದ ಹಿಂದೆ ಇದೇ ಊರಿಗೆಂದು ಧಾರವಾಡದಿಂದ ಕಾರು ನಡೆಸಿಕೊಂಡು ಬರುತ್ತಿದ್ದೆ. ಹಾಡುಹಗಲು. ಲೋಕಾಪುರದ ಹತ್ತಿರ ಒಂದು ಗಳಿಗೆ ಕಣ್ಣು ಮುಚ್ಚಿತು. ತೆರೆಯುವಷ್ಟರಲ್ಲಿ ಕಾರು ರಸ್ತೆ ಬಿಟ್ಟು ತಗ್ಗಿನಲ್ಲಿತ್ತು; ಹೆಂಡತಿಯ ಮುಂಗೈ ಮುರಿದಿತ್ತು. ಎದುರಿಗೆ ಕಬ್ಬಿನ ಗಾಡಿ ಬಂದಿದ್ದರೆ ಈ ಲೇಖನವನ್ನು ಬರೆಯಲು ನಾನು ಇರುತ್ತಿರಲಿಲ್ಲ.

ಪೆಟ್ಟಿಗೆ ಪಟ್ಟಿ ಕಟ್ಟಿದ ವೈದ್ಯರು ನನ್ನನ್ನು ಬಿಟ್ಟು ಹೆಂಡತಿಯನ್ನು ಕೇಳಿದರು: “ಇವರು ಗೊರಕೆ ಹೊಡೆಯುತ್ತಾರೆಯೇ? ನಡುವೆ ಉಸಿರು ನಿಲ್ಲುತ್ತದೆಯೇ?” ಅವಳು ತಲೆ ತಗ್ಗಿಸಿ, “ನಿಲ್ಲತೈತ್ರಿ. ನಾನು ಎಣಸ್ಕೋತ ಕುಂದರ್ತೀನಿ. ಇಪ್ಪತ್ತಕ್ಕ ಬಂದ ಮ್ಯಾಲ ಅಲುಗಾಡಸ್ತೀನಿ” ಎಂದಳು. ಎಷ್ಟು ವರ್ಷಗಳಿಂದ ಹೀಗೆ ಎಣಿಸುತ್ತಿದ್ದಳೋ! ನಾನು ಮಾತ್ರ ನನ್ನದು ಗಡದ್ದ ನಿದ್ದೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಒಂದು ರಾತ್ರಿ ಮೈತುಂಬ ವೈರು ಹಚ್ಚಿ ಮಲಗಿಸಿ ಪರೀಕ್ಷೆ ಮಾಡಿದರು. ರೋಗದ ಹೆಸರು ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಕಟ್ಟುವುದು. ಮಲಗಿದಾಗ ಗಂಟಲಿನ ಸ್ನಾಯುಗಳು ಸಡಿಲಾಗಿ ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಗಾಬರಿಯಿಂದ ತಟ್ಟಿ ಎಬ್ಬಿಸುತ್ತದೆ. ಮತ್ತೆ ಉಸಿರು, ಮತ್ತೆ ಜೊಂಪು. ಮಲಗಿದವನಿಗೆ ಇದಾವುದೂ ನೆನಪಿರುವುದಿಲ್ಲ. ಹತ್ತು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಉಸಿರು ನಿಲ್ಲುವುದನ್ನೂ ಅರೆಬರೆಯಾಗುವುದನ್ನೂ ವೈದ್ಯರು ಲೆಕ್ಕ ಹಿಡಿಯುತ್ತಾರೆ. ದೊಡ್ಡವರಲ್ಲಿ ಗಂಟೆಗೆ ಐದು ದಾಟಿದರೆ ರೋಗ, ಮೂವತ್ತು ದಾಟಿದರೆ ತೀವ್ರ. ನನ್ನದು 38 ಇತ್ತು. ರಾತ್ರಿಯಿಡೀ ಹೀಗೆ ಎದ್ದೆದ್ದು ಮಲಗಿದವನು ಹಗಲು ತೂಕಡಿಸದೆ ಇನ್ನೇನು ಮಾಡಿಯಾನು? ಸರಿಯಾಗಿ ನೋಡಿಕೊಳ್ಳದಿದ್ದರೆ ರಕ್ತದೊತ್ತಡ, ಹೃದಯದ ತೊಂದರೆಗಳೂ ಬೆನ್ನು ಹತ್ತುತ್ತವೆ. 2022ರಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ತೀರಿಕೊಂಡಾಗ ಈ ರೋಗದ ಹೆಸರು ನಮ್ಮ ಪತ್ರಿಕೆಗಳಲ್ಲೆಲ್ಲ ಬಂದಿತ್ತು.

ಇದಕ್ಕೆ ಮದ್ದೆಂದು ಕೊಟ್ಟದ್ದೇ ಆ ಗಾಳಿಪೆಟ್ಟಿಗೆ, ಸಿಪ್ಯಾಪ್. ಮೂಗಿಗೆ ಮಾಸ್ಕು, ಮಾಸ್ಕಿಗೆ ಒಂದು ಕೊಳವೆ, ಕೊಳವೆಯ ಆಚೆ ತುದಿಗೆ ಯಂತ್ರ. ಅದು ಕೊಡುವುದು ಆಮ್ಲಜನಕವಲ್ಲ, ಕೋಣೆಯದೇ ಗಾಳಿ. ಆ ಗಾಳಿಯ ಒತ್ತಡ ಗಂಟಲಿನ ದಾರಿ ಮುಚ್ಚದಂತೆ ಒಳಗಿನಿಂದ ಎತ್ತಿ ಹಿಡಿಯುತ್ತದೆ, ಅಷ್ಟೆ. ಸಿಡ್ನಿಯ ವೈದ್ಯ ಕಾಲಿನ್ ಸಲ್ಲಿವನ್ ಮತ್ತು ಸಂಗಡಿಗರು 1981ರಲ್ಲಿ ಈ ಉಪಾಯವನ್ನು ಪ್ರಕಟಿಸಿದರು. ಅದಕ್ಕೂ ಮೊದಲು ತೀವ್ರ ರೋಗಿಗಳಿಗೆ ಗಂಟಲಿಗೆ ರಂಧ್ರ ಮಾಡಬೇಕಾಗುತ್ತಿತ್ತಂತೆ.

ಉಪಾಯ ಸುಲಭ, ರೂಢಿ ಕಷ್ಟ. ಮೊದಲ ವಾರ ಯಾರೋ ಮುಖಕ್ಕೆ ಕೈ ಒತ್ತಿ ಹಿಡಿದಂತೆ ಅನಿಸಿತು. ಬಾಯಿ ಒಣಗಿತು. ಮೀಸೆಯ ಸಂದಿಯಿಂದ ಗಾಳಿ ಸೋರಿ ಪೀಪಿಯ ಹಾಗೆ ಕೂಗಿತು. ನಡುರಾತ್ರಿ ಕಿತ್ತೆಸೆದು ಮಲಗಿದೆ. ಮೂರನೆಯ ವಾರ ಪೆಟ್ಟಿಗೆ ಕಪಾಟಿನ ಮೇಲೆ ಹೋಯಿತು. ಅದನ್ನು ಇಳಿಸಿದವಳು ಹೆಂಡತಿ. ಮುರಿದು ಕೂಡಿದ ಕೈಯನ್ನು ನನ್ನ ಮುಂದೆ ಚಾಚಿ, ಏನೂ ಮಾತಾಡದೆ ಪೆಟ್ಟಿಗೆಯನ್ನು ಹಾಸಿಗೆಯ ಪಕ್ಕದಲ್ಲಿ ಇಟ್ಟಳು.

ಮತ್ತೆ ಮೊದಲಿನಿಂದ ಕಲಿತೆ. ಹಗಲು ಪತ್ರಿಕೆ ಓದುವಾಗ ಅರ್ಧ ಗಂಟೆ ಮಾಸ್ಕು ಹಾಕಿಕೊಂಡು ಕೂತೆ. ಒತ್ತಡ ಸಣ್ಣದಾಗಿ ಸುರುವಾಗಿ ಮೆಲ್ಲಗೆ ಏರುವಂತೆ ಯಂತ್ರದಲ್ಲೇ ಅನುಕೂಲವಿತ್ತು, ಅದನ್ನು ಹಚ್ಚಿಸಿಕೊಂಡೆ. ಗಾಳಿಗೆ ತೇವ ಕೊಡುವ ಡಬ್ಬಿಗೆ ಬಟ್ಟಿಯಿಳಿಸಿದ ನೀರು ಹಾಕಿದೆ, ಬಾಯಿ ಒಣಗುವುದು ಕಡಿಮೆಯಾಯಿತು. ಮೂಗಿನ ಹೊಳ್ಳೆಗಷ್ಟೇ ಕೂರುವ ಸಣ್ಣ ಮಾಸ್ಕು ಸಿಕ್ಕಿತು, ಮೀಸೆ ಉಳಿಯಿತು. ಎರಡು ತಿಂಗಳ ಮೇಲೆ ಒಂದು ಮುಂಜಾನೆ ಎದ್ದಾಗ ತಲೆನೋವಿರಲಿಲ್ಲ. ನಿದ್ದೆ ಎಂದರೆ ಇದು ಎಂದು ಐವತ್ತನಾಲ್ಕನೆಯ ವಯಸ್ಸಿನಲ್ಲಿ ತಿಳಿಯಿತು.

ಆದರೆ ಬೇರೆಯವರ ಮನೆಯಲ್ಲಿ ಇದನ್ನು ಹಾಕಿಕೊಂಡು ಮಲಗುವುದು ಹೇಗೆ? ಆ ನಾಚಿಕೆಯಿಂದಲೇ ಮದುವೆ, ಜಾತ್ರೆ ಎಲ್ಲ ತಪ್ಪಿಸಿದೆ. ಈ ಸಲ ಸೋದರಮಾವ ಫೋನಿನಲ್ಲಿ, “ಚರಗಕ್ಕ ಬರಲಿಲ್ಲಂದ್ರ ನೀ ಅಳಿಯಾನೂ ಅಲ್ಲ, ನಾ ಮಾವನೂ ಅಲ್ಲ” ಎಂದದ್ದಕ್ಕೆ ಹೊರಟು ಬಂದಿದ್ದೆ.

ರಾತ್ರಿ ಸಜ್ಜಿ ರೊಟ್ಟಿ, ಎಣ್ಣೆಗಾಯಿ ಉಂಡಾದ ಮೇಲೆ ಅತ್ತಿ ಪಡಸಾಲೆಯ ತುಂಬ ಕೌದಿ ಹಾಸಿದಳು. ದೊಡ್ಡವರು, ಮಕ್ಕಳು ಎಲ್ಲರಿಗೂ ಅಲ್ಲಿಯೇ. ನಾನು, “ಅತ್ತಿ, ನಾ ಒಳಗ ಕಾಳಿನ ಖೋಲ್ಯಾಗ ಮಲಗ್ತೀನ್ರಿ” ಎಂದೆ. ಅತ್ತಿಯ ಮುಖ ಸಣ್ಣದಾಯಿತು. “ಯಾಕಪಾ, ನಮ್ಮ ಕೂಡ ಮಲಗಾಕ ಹೊಲಸ ಅನಸತೈತೇನು?”

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಎಲ್ಲರ ಮುಂದೆ ಚೀಲ ಬಿಚ್ಚಿದೆ. ಮಾಸ್ಕು, ಕೊಳವೆ ಹಾಕಿಕೊಂಡದ್ದೇ ತಡ, ಮಾವನ ಸಣ್ಣ ಮೊಮ್ಮಗ, “ಗಣಪತಿ! ಮಾಮಾ ಗಣಪತಿ!” ಎಂದು ಕುಣಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಹತ್ತನೆಯ ತರಗತಿ ಓದುವ ಮೊಮ್ಮಗಳು ಮಾತ್ರ ನಗದೆ ಯಂತ್ರದ ಹತ್ತಿರ ಬಂದು ಕೂತಳು. ಅಂಕಿ ನೋಡಿ, “ಮಾಮಾ, ಈ ಒಂಬತ್ತು ಅಂದ್ರ ಏನ್ರಿ?” ಎಂದಳು. ಒಂಬತ್ತು ಸೆಂಟಿಮೀಟರ್ ನೀರು ನಿಂತರೆ ತಳದಲ್ಲಿ ಎಷ್ಟು ಒತ್ತಡವೋ ಅಷ್ಟು. ಈ ಗಾಳಿಯನ್ನು ನೀರಿನ ಲೆಕ್ಕದಲ್ಲಿಯೇ ಅಳೆಯುತ್ತಾರೆ, ಎಂದೆ. ಅವಳು ತುಸು ಯೋಚಿಸಿ, “ಹಂಗಾರ ದುರ್ಯೋಧನನ ಹಂಗ. ಅವನೂ ಮಂತ್ರ ಹಾಕ್ಕೊಂಡು ನೀರಾಗ ಉಸರ ಹಿಡದು ಕುಂತಿದ್ನಲ್ಲ” ಎಂದಳು.

ರನ್ನನ ಊರಿನ ಹುಡುಗಿ! ಗದಾಯುದ್ಧದ ಆ ಪ್ರಸಂಗ ಓದಿದವರಿಗೆಲ್ಲ ಗೊತ್ತು. ವೈಶಂಪಾಯನ ಸರೋವರದ ತಣ್ಣೀರಿನಲ್ಲಿ ಅಡಗಿದ ದೊರೆ, ದಂಡೆಯ ಮೇಲೆ ಭೀಮನ ಗರ್ಜನೆ ಕೇಳಿ ನೀರಿನೊಳಗೇ ಬೆವರುತ್ತಾನೆ. ಕೊನೆಗೆ ಹೊರಗೆ ಬಂದೇ ಬರುತ್ತಾನೆ. ಪುಷ್ಯಮಾಸದ ಚಳಿಯಲ್ಲೂ ಉಸಿರು ಕಟ್ಟಿ ಬೆವತು ಏಳುತ್ತಿದ್ದ ನನ್ನ ಹಳೆಯ ರಾತ್ರಿಗಳು ನೆನಪಾದವು. ಮೂರು ವರ್ಷ ನಾನೂ ಅಡಗಿಯೇ ಇದ್ದೆನಲ್ಲ! ಅಂದು ಪಡಸಾಲೆಯಲ್ಲಿ, ಎಲ್ಲರ ನಡುವೆ, ಬೆಳಗಿನವರೆಗೆ ಮಲಗಿದೆ.

ಮರುದಿನ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಶೇಂಗಾ ಹೋಳಿಗೆ ಉಂಡು ಬಂದೆವು. ಎರಡನೆಯ ರಾತ್ರಿ ಸುಮಾರು ಎರಡು ಗಂಟೆಗೆ ಕರೆಂಟು ಹೋಯಿತು. ಯಂತ್ರ ನಿಂತಿತು, ಎಚ್ಚರವಾಯಿತು. ಮಾಸ್ಕು ತೆಗೆದು ಕತ್ತಲಲ್ಲಿ ಕೂತೆ. ದೂರದಲ್ಲಿ ಟ್ರ್ಯಾಕ್ಟರಿನ ಹಾಡು. ಹತ್ತಿರದಲ್ಲಿ ಒಂದು ಸಣ್ಣ ಗೊರಕೆ. ನನ್ನನ್ನು ಗಣಪತಿ ಎಂದ ಒಂಬತ್ತು ವರ್ಷದ ಹುಡುಗನದು. ಕೇಳುತ್ತ ಕೂತಂತೆ ಗೊರಕೆ ನಿಂತಿತು. ನನಗೆ ಅರಿವಿಲ್ಲದೆ ಎಣಿಸತೊಡಗಿದೆ. ಎಂಟು, ಒಂಬತ್ತು, ಹತ್ತು. ಹುಡುಗ ಮುಲುಗಿ, ಕತ್ತು ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು ಗಾಳಿ ಎಳೆದುಕೊಂಡ. ಮತ್ತೆ ಗೊರಕೆ. ಮತ್ತೆ ಮೌನ. ಕರೆಂಟು ಬರುವವರೆಗೆ ಹೀಗೆಯೇ ಎಣಿಸುತ್ತ ಕೂತೆ. ಹೆಂಡತಿ ಎಷ್ಟೋ ರಾತ್ರಿ ಹೀಗೆ ಕೂತಿದ್ದಳು ಎಂಬುದು ಅಂದು ನನಗೆ ತಟ್ಟಿತು.

ಬೆಳಿಗ್ಗೆ ಅವನ ತಾಯಿಯನ್ನು ಕೇಳಿದೆ. “ಹೌದ್ರಿ ಅಣ್ಣಾರ, ಬಾಯಿ ತಕ್ಕೊಂಡ ಮಲಗ್ತಾನ. ಸಾಲ್ಯಾಗ ತೂಕಡಸ್ತಾನ, ಲಕ್ಷ್ಯ ಇಲ್ಲ ಅಂತ ಮಾಸ್ತರ ಬೈತಾರ” ಎಂದಳು. ಮಾವ, “ಹುಡುಗರಂದ್ರ ಗೊರಕಿ ಹೊಡೀತಾವ, ಅದಕ್ಕೇನಾತು?” ಎಂದ. ನಾನು ಬಿಡಲಿಲ್ಲ. ಗೊರಕೆ ಹೊಡೆಯುವ ಮಕ್ಕಳಿಗೆಲ್ಲ ಈ ರೋಗವಿರುವುದಿಲ್ಲ, ನಿಜ. ಆದರೆ ದಿನವೂ ಗೊರಕೆ, ನಡುವೆ ಉಸಿರು ಕಟ್ಟುವುದು, ಬಾಯಿಯಿಂದ ಉಸಿರಾಟ, ಹಗಲು ಮಂಪರು ಅಥವಾ ಕಾರಣವಿಲ್ಲದ ಸಿಡುಕು ಇದ್ದರೆ ವೈದ್ಯರಿಗೆ ತೋರಿಸಲೇಬೇಕು. ಮಕ್ಕಳಲ್ಲಿ ಹೆಚ್ಚಾಗಿ ಕಾರಣ ಗಂಟಲಿನ ಟಾನ್ಸಿಲ್ ಮತ್ತು ಮೂಗಿನ ಹಿಂದಿನ ಅಡಿನಾಯ್ಡ್ ಗಡ್ಡೆ ಬೆಳೆದಿರುವುದು. ಅವನ್ನು ತೆಗೆದರೆ ಬಹಳಷ್ಟು ಮಕ್ಕಳು ಯಂತ್ರವಿಲ್ಲದೆಯೇ ಸುಧಾರಿಸುತ್ತಾರೆ. ಸೋಮಾರಿ ಎಂದು ಬೈಸಿಕೊಳ್ಳುವ ಹುಡುಗ ರಾತ್ರಿಯಿಡೀ ಉಸಿರಿಗಾಗಿ ದುಡಿದಿರಬಹುದು. ತಾಯಿತಂದೆಯರು ಒಂದು ರಾತ್ರಿ ಮಗುವಿನ ಪಕ್ಕದಲ್ಲಿ ಎಚ್ಚರವಿದ್ದು ಕಿವಿಗೊಟ್ಟರೆ ಸಾಕು.

ಬಸ್ಸು ಹತ್ತಿಸಲು ಬಂದ ಮಾವ ನನ್ನ ಕರಿಯ ಚೀಲವನ್ನು ತಾನೇ ಹೊತ್ತುಕೊಂಡ. ದಾರಿಯಲ್ಲಿ ಕೇಳಿದವರಿಗೆಲ್ಲ, “ನಮ್ಮ ಅಳಿಯಾನ ನಿದ್ದೀ ಮಷಿನ್” ಎಂದು ಹೇಳುತ್ತ ನಡೆದ.

ಯುಗಾದಿಯ ಮುಂದೆ ಅವನ ಫೋನು ಬಂತು. ಬಾಗಲಕೋಟೆಯಲ್ಲಿ ಹುಡುಗನಿಗೆ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ತಿಂಗಳಾಗಿತ್ತು. “ಹೆಂಗದಾನ್ರಿ ಮಾವಾ?” ಎಂದೆ.

“ಅವಾ ಆರಾಮ ಅದಾನ. ನನಗ ನಿದ್ದಿ ಇಲ್ಲದಂಗ ಆಗೇತಿ. ಒಂದೀಟೂ ಸಪ್ಪಳಿಲ್ಲ ನೋಡು. ಉಸರ ಆಡತೈತೋ ಇಲ್ಲೋ ಅಂತ ರಾತ್ರಿ ಎರಡ ಸಲ ಎದ್ದು ಮೂಗಿನ ಮುಂದ ಕೈ ಹಿಡಿತೀನಿ.”

“ಆಡತೈತೇನ್ರಿ?”

“ಆಡತೈತಿ, ಆಡತೈತಿ” ಎಂದ ಮಾವ.